ಹಿರಿಸೊಸೆ ಆಮೆನ್ ಅನ್ನಲಿಲ್ಲ

ಮಾವನಿಗೆ ಯಾರನ್ನಾದರೂ ಬೈಯಬೇಕು ಅನ್ನಿಸಿದರೆ ನೇರವಾಗಿ ಬೈಯುತ್ತಿರಲಿಲ್ಲ, ಪ್ರಾರ್ಥನೆ ಮಾಡುತ್ತಿದ್ದರು. ಚರ್ಚಿನ ಸಭೆಯ ಹಿರಿಯರು ತಾನೇ, ಬಾಯಿ ಹೊಲಸು ಮಾಡಿಕೊಳ್ಳುವಂತಿಲ್ಲ. ಸಂಜೆ ಊಟಕ್ಕೆ ಮೊದಲು ಮನೆಮಂದಿಯೆಲ್ಲ ಮೇಜಿನ ಸುತ್ತ ಕಣ್ಣು ಮುಚ್ಚಿ ಕೂತರೆ, "ಕರ್ತನೇ, ಈ ಮನೆಯಲ್ಲಿ ಸ್ನಾನದ ನೀರನ್ನು ಸುರಿದು ಹಾಳುಮಾಡುವವರ ಕಣ್ಣು ತೆರೆಸು" ಎಂದು ಶುರುವಾಗುತ್ತಿತ್ತು. ಮಾತು ದೇವರ ಜೊತೆ. ನಡುವೆ ಬಾಯಿ ಹಾಕುವ ಧೈರ್ಯ ಯಾರಿಗಿದೆ? ಕೊನೆಗೆ ಎಲ್ಲರೂ ಆಮೆನ್ ಅನ್ನಬೇಕು, ಆಮೇಲೇ ಊಟ. "ಆಮೆನ್ ಅಂದ್ರೆ ಒಪ್ಪಿಗೆ. ದೇವರ ಮುಂದೆ ಬಾಯಿಂದ ಬಂದದ್ದು ಬಂತು, ವಾಪಸ್ ತಗೊಳ್ಳೋ ಹಾಗಿಲ್ಲ" ಎನ್ನುವುದು ಅವರು ಮಕ್ಕಳಿಗೆ ಎಳವೆಯಿಂದಲೂ ಅರೆದು ಕುಡಿಸಿದ ಪಾಠ.

ಗಂಡ ತೀರಿಕೊಂಡ ಮೇಲೆ ಹಿರಿಸೊಸೆ ಎಷ್ಟೋ ಆಮೆನ್ ಅಂದಿದ್ದಳು. ಅವನ ಸ್ಕೂಟರ್ ಮನೆಯವರಿಗೆಲ್ಲ ಉಪಯೋಗವಾಗಲಿ ಎಂದು ಮಾವ ಪ್ರಾರ್ಥಿಸಿದರು. ಆಮೆನ್ ಅಂದಳು, ಸ್ಕೂಟರ್ ಮೈದುನನ ಪಾಲಾಯಿತು. ಒಂಟಿ ಜೀವಕ್ಕೆ ದೊಡ್ಡ ಕೋಣೆಯ ಆಸೆ ಬರದಿರಲಿ ಎಂದರು. ಆಮೆನ್ ಅಂದಳು, ಅವಳ ಹಾಸಿಗೆ ಅಡುಗೆಮನೆ ಪಕ್ಕದ ಗೂಡಿಗೆ ಬಂತು. ಉಳಿದದ್ದು ಅಂಗಡಿ ಒಂದೇ. ಸುಟ್ಟುಹೋದ ಮೋಟಾರು, ಫ್ಯಾನುಗಳಿಗೆ ಹೊಸ ತಾಮ್ರದ ತಂತಿ ಸುತ್ತಿಕೊಡುವ ಪುಟ್ಟ ಅಂಗಡಿ. ಗಂಡ ಕಾಯಿಲೆ ಬಿದ್ದಾಗ ಅವನ ಪಕ್ಕ ಕೂತು ಕಲಿತ ಕೆಲಸ. ಕಪ್ಪಾದ ತಂತಿ ಕಿತ್ತು, ಹೊಸ ಸುರುಳಿ ಕೂರಿಸಿ, ವಾರ್ನಿಷ್ ಬಳಿದು ಒಣಗಿಸಿ ಸ್ವಿಚ್ ಹಾಕಿದಾಗ ಸತ್ತ ಮೋಟಾರು ಗುಂಯ್ ಎಂದರೆ ಅವಳ ದಣಿವೆಲ್ಲ ಮರೆತುಹೋಗುತ್ತಿತ್ತು. ಅಲ್ಲಿ ಅವಳು ಯಾರ ಹಂಗಿನವಳೂ ಅಲ್ಲ.

ಮೈದುನನಿಗೋ ತಂತಿ ಯಾವುದು, ದಾರ ಯಾವುದು ಎನ್ನುವುದೂ ಗೊತ್ತಿಲ್ಲ. ಆದರೆ ಮೊಬೈಲ್ ಕವರ್ ಮಾರುವ ಹುಚ್ಚು ಹತ್ತಿತ್ತು, ಅದಕ್ಕೆ ಜಾಗ ಬೇಕಿತ್ತು.

ಆ ಸಂಜೆ ಮಾವ ಗಂಟಲು ಸರಿಮಾಡಿಕೊಂಡರು. "ಪರಲೋಕದ ತಂದೆಯೇ, ನಮ್ಮ ಹಿರಿಸೊಸೆಯ ಮನಸ್ಸನ್ನು ಮೃದುಮಾಡು. ಗಂಡಸರ ಕೆಲಸದಲ್ಲಿ ಕೈ ಮಸಿ ಮಾಡಿಕೊಳ್ಳುವುದನ್ನು ಬಿಟ್ಟು, ನಾಳೆ ಬೆಳಗ್ಗೆ ಅಂಗಡಿಯ ಬೀಗದ ಕೈಯನ್ನು ಸಂತೋಷದಿಂದ ಮೈದುನನಿಗೆ ಒಪ್ಪಿಸುವಂತೆ ಕೃಪೆಮಾಡು. ಯೇಸುವಿನ ನಾಮದಲ್ಲಿ ಬೇಡುತ್ತೇವೆ."

"ಆಮೆನ್," ಎಂದರು ಅತ್ತೆ ಮೆಲ್ಲಗೆ.

"ಆಮೆನ್!" ಎಂದ ಮೈದುನ, ತಟ್ಟೆ ಅದುರುವ ಹಾಗೆ.

ಹಿರಿಸೊಸೆಯ ನಾಲಿಗೆ ಏಳಲಿಲ್ಲ. ಬಾಯಿಮಾತಿಗೆ ಅಂದುಬಿಟ್ಟಿದ್ದರೆ ಊಟವಾಗುತ್ತಿತ್ತು. ಆದರೆ ದೇವರು ಕೇಳಿಸಿಕೊಳ್ಳುತ್ತಾನೆ ಎಂದು ಆ ಮೇಜಿನಲ್ಲಿ ನಿಜಕ್ಕೂ ನಂಬಿದ್ದವಳು ಬಹುಶಃ ಅವಳೊಬ್ಬಳೇ. ಕೇಳಿಸಿಕೊಳ್ಳುವವನ ಮುಂದೆ ಸುಳ್ಳು ಹೇಳುವುದು ಹೇಗೆ? ಇಷ್ಟು ದಿನ ನುಂಗಿಕೊಂಡಿದ್ದ ಸಿಟ್ಟೆಲ್ಲ ಒಟ್ಟಿಗೇ ಉಕ್ಕಿ ಬಂತು.

"ಏನಮ್ಮಾ, ಕೇಳಿಸಲಿಲ್ವಾ?" ಮಾವ ಕಣ್ಣು ಮುಚ್ಚಿಕೊಂಡೇ ಕೇಳಿದರು.

"ಚೆನ್ನಾಗೇ ಕೇಳಿಸ್ತು ಮಾವ. ಅದಕ್ಕೇ ಆಮೆನ್ ಅನ್ನಲ್ಲ."

"ದೇವರಿಗೇ ಎದುರು ಮಾತಾ?"

"ದೇವರಿಗಲ್ಲ, ನಿಮಗೆ. ಬೀಗದ ಕೈ ಬೇಕಿದ್ರೆ ಕಣ್ಣು ಬಿಟ್ಟು, ನನ್ನ ಮುಖ ನೋಡಿ ಕೇಳಿ. ದೇವರನ್ನ ಯಾಕೆ ನಡುವೆ ಎಳೀತೀರಾ?"

ಮಾವ ಕಣ್ಣು ಬಿಟ್ಟರು. ಸೊಸೆಯ ಮುಖ ನೋಡಿದರು, ತಂತಿ ಎಳೆದೆಳೆದು ಗೀರುಬಿದ್ದ ಅವಳ ಬೆರಳು ನೋಡಿದರು. ತಟ್ಟನೆ ಮತ್ತೆ ಕಣ್ಣು ಮುಚ್ಚಿ, "ಕರ್ತನೇ, ಈ ಅಹಂಕಾರದ ನಾಲಿಗೆಯನ್ನು..." ಎಂದು ಶುರುಹಚ್ಚಿಕೊಂಡರು. ರೂಢಿಯಂತೆ ಅತ್ತೆ, ಮೈದುನ ಇಬ್ಬರೂ ಕಣ್ಣು ಮುಚ್ಚಿದರು.

ಅವಳೂ ಬಿಡಲಿಲ್ಲ. ಕೈ ಜೋಡಿಸಿ, ಅವರಿಗಿಂತ ಒಂದು ಕೈ ಮೇಲೆ ಎನ್ನುವಂತೆ ಗಟ್ಟಿ ದನಿಯಲ್ಲಿ ತನ್ನದೇ ಪ್ರಾರ್ಥನೆ ಶುರುಮಾಡಿದಳು.

"ಕರ್ತನೇ, ಅವರದ್ದು ಕೇಳಿದೆ, ಇನ್ನು ನನ್ನದೂ ಕೇಳು. ಆ ಅಂಗಡಿ ನನ್ನ ಗಂಡ ನನ್ನ ಕೈಗೆ ಕೊಟ್ಟು ಹೋದದ್ದು. ಸ್ಕೂಟರ್ ಕೊಟ್ಟೆ, ಕೋಣೆ ಕೊಟ್ಟೆ. ಇದನ್ನ ಕೊಡಲ್ಲ. ನಾಳೆ ಬಾಗಿಲು ನಾನೇ ತೆಗೀತೀನಿ, ನಾಳಿದ್ದೂ ನಾನೇ. ಬೀಗದ ಕೈ ನನ್ನ ಹತ್ರಾನೇ ಇರುತ್ತೆ. ಯೇಸುವಿನ ನಾಮದಲ್ಲಿ ಕೇಳ್ತೀನಿ."

ಮಾವನ ಪ್ರಾರ್ಥನೆ ಅಷ್ಟರಲ್ಲಿ ನಡುದಾರಿಯಲ್ಲೇ ನಿಂತುಹೋಗಿತ್ತು.

"ಆಮೆನ್!" ಎಂದ ಮೈದುನ.

ಮಾತು ಕಲಿತಾಗಿನಿಂದ ಯೇಸುವಿನ ನಾಮ ಕಿವಿಗೆ ಬಿದ್ದೊಡನೆ ಆಮೆನ್ ಅಂದೇ ಬೆಳೆದವನು, ಮೇಲಾಗಿ ಹಸಿವು. ತಟ್ಟೆಗೆ ಕೈ ಚಾಚಿದ ಮೇಲೆ ಅವನಿಗೆ ತಾನು ಒಪ್ಪಿದ್ದು ಯಾವುದಕ್ಕೆ ಎಂದು ಹೊಳೆಯಿತು. ಮುಖ ಪೆಚ್ಚಾಯಿತು.

"ಅಪ್ಪಾ, ಅದು ಬಾಯಿತಪ್ಪಿ ಬಂತು! ನಾನು ಅಂದದ್ದು ನಿಮ್ಮ ಪ್ರಾರ್ಥನೆಗೆ!"

"ನನ್ನದು ಇನ್ನೂ ಮುಗಿದೇ ಇರಲಿಲ್ವಲ್ಲೋ, ಪೆದ್ದ ಮುಂಡೇದೇ!" ಮಾವ ಮೇಜು ಗುದ್ದಿದರು. ದೇವರನ್ನು ಅಡ್ಡ ಇಟ್ಟುಕೊಳ್ಳದೆ ಅವರು ಬೈದದ್ದನ್ನು ಆ ಮನೆ ಕೇಳಿದ್ದು ಅದೇ ಮೊದಲು.

ಹಿರಿಸೊಸೆ ಕೈ ಜೋಡಿಸಿಕೊಂಡೇ ಕೂತಿದ್ದಳು. ಆಡಿದ ಮಾತಿನಲ್ಲಿ ಒಂದಕ್ಷರವೂ ವಾಪಸ್ ಬೇಕೆನ್ನಿಸಲಿಲ್ಲ.

"ಅದು ಲೆಕ್ಕಕ್ಕಿಲ್ಲ ಅಮ್ಮ, ನೀನಾದ್ರೂ ಹೇಳು," ಎಂದು ಮೈದುನ ಗೋಗರೆದ.

ಅತ್ತೆ ಕಣ್ಣು ಬಿಟ್ಟರು. ಮಗನನ್ನು ನೋಡಲಿಲ್ಲ, ಗಂಡನ ಮುಖವನ್ನೇ ನೆಟ್ಟು ನೋಡಿದರು.

"ಆಯ್ತಪ್ಪ, ನಿನ್ನದು ಬಾಯಿತಪ್ಪಿ ಬಂತು, ಬಿಟ್ಟುಬಿಡೋಣ. ನನ್ನದು ಬಾಯಿತಪ್ಪಿ ಬರ್ತಿಲ್ಲ, ಎಲ್ರೂ ಸರಿಯಾಗಿ ಕೇಳಿಸ್ಕೊಳ್ಳಿ," ಎಂದರು. "ಆಮೆನ್."