ಏಳನೆಯ ಪ್ರಶ್ನೆಗೆ ಉತ್ತರ

ಇಪ್ಪತ್ತಾರು ವರ್ಷ ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳಿದ ಮೇಷ್ಟ್ರಿಗೆ, ಪಾಠ ಹೇಳುವುದು ಹೇಗೆಂದು ಕಲಿಯುವ ಯೋಗ ಐವತ್ತೆರಡನೆಯ ವಯಸ್ಸಿನಲ್ಲಿ ಕೂಡಿಬಂತು. ಡಾಕ್ಟರೇಟ್ ಇಲ್ಲದೆ ಬಡ್ತಿ ಇಲ್ಲ ಅಂದರು. ಸರಿ, ಎಂಜಿನಿಯರಿಂಗ್ ಶಿಕ್ಷಣವನ್ನೇ ವಿಷಯ ಮಾಡಿಕೊಂಡು ಪಿಎಚ್.ಡಿ.ಗೆ ಸೇರಿದರು. ಸೇರಿದ ಮೇಲೆ ಗೊತ್ತಾಯಿತು, ಪ್ರಬಂಧಕ್ಕೆ ಮುಂಚೆ ಒಂದು ವರ್ಷ ಕೋರ್ಸ್‌ವರ್ಕ್ ಇದೆ ಅಂತ. ಬೆಂಚಿನ ಮೇಲೆ ಕೂರಬೇಕು, ಹಾಜರಿ ಕೊಡಬೇಕು, ಹೋಂವರ್ಕ್ ಒಪ್ಪಿಸಬೇಕು. ಸಂದರ್ಶನ ಮಾಡುವುದನ್ನು ಕಲಿಸುವ ಮೇಡಂ ಮೇಷ್ಟ್ರಿಗಿಂತ ಇಪ್ಪತ್ತು ವರ್ಷ ಚಿಕ್ಕವರು. ಎಲ್ಲ ನನ್ನ ಗ್ರಹಚಾರ ಎಂದು ಗೊಣಗುತ್ತಲೇ ಮೇಷ್ಟ್ರು ನೋಟ್ಸ್ ಬರೆದುಕೊಳ್ಳುತ್ತಿದ್ದರು.

ಮೇಡಂ ಕೊಟ್ಟ ಕೆಲಸ ಇಷ್ಟು: ಎಂಜಿನಿಯರಿಂಗ್ ಓದುತ್ತಿರುವ ಒಬ್ಬರನ್ನು ಕೂರಿಸಿಕೊಂಡು ನಲವತ್ತು ನಿಮಿಷ ಮಾತಾಡಿಸಿ, ರೆಕಾರ್ಡ್ ಮಾಡಿ, ಆಮೇಲೆ ಅದನ್ನು ಅಕ್ಷರಕ್ಕೆ ಅಕ್ಷರ ಟೈಪ್ ಮಾಡಬೇಕು. ಕೆಮ್ಮಿದರೆ ಕೆಮ್ಮು, ಸುಮ್ಮನಿದ್ದರೆ ಎಷ್ಟು ಸೆಕೆಂಡು ಸುಮ್ಮನಿದ್ದರು ಅನ್ನುವುದು, ಒಂದನ್ನೂ ಬಿಡುವ ಹಾಗಿಲ್ಲ. ಬೇರೆಯವರ ಕೈಯಲ್ಲಿ ಟೈಪ್ ಮಾಡಿಸುವ ಹಾಗೂ ಇಲ್ಲ.

ಮೇಷ್ಟ್ರು ದೂರ ಹೋಗಲಿಲ್ಲ. ತಮ್ಮನ ಮಗಳು ಕೊನೆಯ ವರ್ಷದಲ್ಲಿದ್ದಳು. ಅವಳಿಗೆ ಯಾವ ಬ್ರ್ಯಾಂಚ್ ಅಂತ ಆರಿಸಿದ್ದೂ ಇವರೇ, ಅರ್ಜಿ ತುಂಬಿದ್ದೂ ಇವರೇ. ಹುಡುಗಿ ಸಹಿ ಹಾಕಿದ್ದು ಬಿಟ್ಟರೆ ಮಿಕ್ಕದ್ದೆಲ್ಲ ದೊಡ್ಡಪ್ಪನದೇ. ತಮ್ಮನ ಮನೆಯ ಹಾಲ್‌ನಲ್ಲಿ ಅವಳನ್ನು ಕೂರಿಸಿ, ಮೊಬೈಲ್ ಇಟ್ಟು, ಇಪ್ಪತ್ತು ಪ್ರಶ್ನೆಗಳ ಹಾಳೆ ತೆಗೆದರು. ಸಿಲಬಸ್ ಮುಗಿಸುವುದರಲ್ಲಿ ಅವರನ್ನು ಮೀರಿಸುವವರು ಕಾಲೇಜಿನಲ್ಲೇ ಇರಲಿಲ್ಲ. ಇಪ್ಪತ್ತೂ ಪ್ರಶ್ನೆ ಮೂವತ್ತೇಳು ನಿಮಿಷಕ್ಕೆ ಮುಗಿದವು. ಬೀಗಿಕೊಂಡು ಮನೆಗೆ ಬಂದರು.

ಟೈಪ್ ಮಾಡಲು ಕೂತದ್ದು ಹದಿನೈದು ದಿನ ಬಿಟ್ಟು, ಒಪ್ಪಿಸುವ ಹಿಂದಿನ ದಿನ, ಭಾನುವಾರ ಬೆಳಿಗ್ಗೆ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಎರಡೇ ಬೆರಳಲ್ಲಿ ಕುಟ್ಟುತ್ತ ಹೋದರು. ಆರು ಪ್ರಶ್ನೆ ಸಲೀಸಾಗಿ ಸಾಗಿತು. ಏಳನೆಯದು, ಲ್ಯಾಬ್‌ಗಳಲ್ಲಿ ನಿನ್ನ ಅನುಭವ ಹೇಗಿದೆ ಅನ್ನುವುದು. ಹುಡುಗಿ ಮಾತಾಡಲಿಲ್ಲ. ಮೇಷ್ಟ್ರು ಸೆಕೆಂಡು ಎಣಿಸಿ ಒಂಬತ್ತು ಅಂತ ಟೈಪ್ ಮಾಡಿದರು. ಆಮೇಲೆ ಅವಳ ದನಿ ಬಂತು.

"ದೊಡ್ಡಪ್ಪ, ನಾನು ಕಾಲೇಜಿಗೆ ಹೋಗ್ತಾ ಇಲ್ಲ. ಏಳು ತಿಂಗಳಾಯ್ತು."

ಅದರ ಬೆನ್ನಿಗೇ ಅವರದೇ ದನಿ: "ಹೂಂ ಹೂಂ, ಸರಿ. ಎಂಟನೇದು. ಲೈಬ್ರರಿಯಲ್ಲಿ ಪುಸ್ತಕ ಸಾಕಷ್ಟು ಸಿಗುತ್ತಾ?"

ಮೇಷ್ಟ್ರು ಹಿಂದಕ್ಕೆ ತಿರುಗಿಸಿ ಮತ್ತೆ ಕೇಳಿದರು. ಮೂರು ಸಲ ಕೇಳಿದರು. ಅದೇ ಮಾತು, ಅದೇ ಹೂಂ ಹೂಂ. ಬೇಡ ಅನ್ನಿಸಿದರೂ ಮುಂದಕ್ಕೆ ಬಿಟ್ಟರು.

ಕೇಳಿಸ್ತಲ್ಲ ದೊಡ್ಡಪ್ಪ ಎಂದು ಹುಡುಗಿ ಕೇಳುತ್ತಾಳೆ. ಕೇಳಿಸ್ತಮ್ಮ, ಎಲ್ಲಾ ರೆಕಾರ್ಡ್ ಆಗ್ತಿದೆ ಎಂದು ಈ ಮಹಾನುಭಾವರು ಉತ್ತರ ಕೊಡುತ್ತಾರೆ. ಹಲ್ಲಿನ ಸೆಟ್ ಮಾಡುವ ಲ್ಯಾಬೊಂದರಲ್ಲಿ ಕೆಲಸ ಕಲಿಯುತ್ತಿದ್ದೇನೆ, ಮೇಣದಲ್ಲಿ ಒಂದೊಂದೇ ಹಲ್ಲು ತಿದ್ದುವ ಕೆಲಸ, ಅದು ನನ್ನ ಕೈಗೆ ಹತ್ತಿದೆ, ದಿನಾ ಬ್ಯಾಗ್ ಹಾಕಿಕೊಂಡು ಹೋಗುವುದು ಅಲ್ಲಿಗೇ ಅನ್ನುತ್ತಾಳೆ. ಹಾಳೆ ಮಗುಚಿದ ಸದ್ದು ಕೇಳುತ್ತದೆ.

"ಅಪ್ಪನಿಗೆ ಹೇಳೋಕೆ ಧೈರ್ಯ ಸಾಲ್ತಿಲ್ಲ. ನೀವೇ ಹೇಳ್ತೀರಾ ದೊಡ್ಡಪ್ಪ?"

"ಆಯ್ತಮ್ಮ, ಖಂಡಿತ. ಒಂಬತ್ತನೇದು."

ಅಲ್ಲಿಂದಾಚೆ ಹುಡುಗಿ ನಗುನಗುತ್ತ ಉತ್ತರ ಹೇಳಿದ್ದಳು. ವಿದ್ಯಾರ್ಥಿನಿ ಉತ್ಸಾಹದಿಂದ ಪಾಲ್ಗೊಂಡಳು ಎಂದು ಮೇಷ್ಟ್ರು ಅವತ್ತೇ ಹಾಳೆಯ ತುದಿಯಲ್ಲಿ ಬರೆದುಕೊಂಡಿದ್ದರು. ಈಗ ಆ ಸಾಲು ನೋಡಿದರೆ ತಮ್ಮ ಕೆನ್ನೆಗೆ ತಾವೇ ಬಾರಿಸಿಕೊಳ್ಳಬೇಕು ಅನ್ನಿಸಿತು. ಕಾಲೇಜು ಬಿಟ್ಟಳಲ್ಲ ಅನ್ನುವ ಸಿಟ್ಟು ಬರಬೇಕಿತ್ತು, ಬರಲೇ ಇಲ್ಲ. ಎದುರಿಗೆ ಕೂತು ಇಷ್ಟು ಹೇಳಿದ್ದಾಳೆ, ನಾನೆಲ್ಲಿ ಹಾಳಾಗಿ ಹೋಗಿದ್ದೆ? ಹದಿನೈದು ದಿನದಿಂದ ಆ ಮಗು ನನ್ನ ಮಾತು ನಂಬಿಕೊಂಡು ಕೂತಿದೆಯಲ್ಲ? ಅಂಗಿಯ ಗುಂಡಿ ಮೇಲೆ ಕೆಳಗೆ ಹಾಕಿಕೊಂಡೇ ತಮ್ಮನ ಮನೆಗೆ ಹೊರಟರು.

ಬಾಗಿಲು ತೆಗೆದವಳು ಅವಳೇ. ದೊಡ್ಡಪ್ಪನನ್ನು ಕಂಡದ್ದೇ ತಡ ಮುಖ ಅರಳಿತು. ಹೊಸ್ತಿಲಲ್ಲೇ ನಿಲ್ಲಿಸಿ ಪಿಸುಗುಟ್ಟಿದಳು.

"ಅಪ್ಪ ಒಂದು ಮಾತೂ ಬೈಲಿಲ್ಲ ದೊಡ್ಡಪ್ಪ. ಬೆಳಿಗ್ಗೆ ಅವರೇ ಬ್ಯಾಗ್ ತಂದು ಕೊಡ್ತಾರೆ. ನೀವು ಅದು ಹೇಗೆ ಹೇಳಿ ಒಪ್ಪಿಸಿದ್ರೋ ಏನೋ."

ನಾನಿನ್ನೂ ಹೇಳಿಲ್ಲ ಅನ್ನಲು ಮೇಷ್ಟ್ರು ಬಾಯಿ ತೆಗೆದರು. ಅಷ್ಟರಲ್ಲಿ ಒಳಗಿನಿಂದ ತಮ್ಮ ಹೊರಗೆ ಬಂದ. ಅಣ್ಣನನ್ನು ಕಂಡು ಖುಷಿಯಾಗಿ ಮಗಳ ತಲೆ ಸವರಿದ.

"ನೋಡು ಅಣ್ಣ, ಓದಿ ಓದಿ ಹೇಗೆ ಬಡಕಲಾಗಿದ್ದಾಳೆ. ಕೊನೇ ಪರೀಕ್ಷೆ ಮುಗಿಯೋವರೆಗೂ ಇವಳಿಗೆ ಏನೂ ಅನ್ನಬಾರದು ಅಂತ ತೀರ್ಮಾನ ಮಾಡಿದ್ದೀನಿ. ಎಂಜಿನಿಯರ್ ಆಗೋದಂದ್ರೆ ಹುಡುಗಾಟಾನಾ?"

ಹುಡುಗಿ ಅಪ್ಪನ ಮುಖ ನೋಡಿದಳು, ಆಮೇಲೆ ದೊಡ್ಡಪ್ಪನ ಮುಖ ನೋಡಿದಳು. ಅವಳ ಮುಖದಲ್ಲಿ ರಕ್ತ ಇಳಿದುಹೋಗಿದ್ದು ಮೇಷ್ಟ್ರಿಗೆ ಕಂಡಿತು. ಕುರ್ಚಿ ತರಲು ತಮ್ಮ ಒಳಗೆ ಹೋದ.

"ನೀವು ಹೇಳಿಲ್ವಾ?"

"ಅವತ್ತು ನೀನು ಹೇಳಿದ್ದು ನನ್ನ ಕಿವಿಗೇ ಬೀಳ್ಲಿಲ್ಲ ಮಗಳೇ. ಇವತ್ತು ಬೆಳಿಗ್ಗೆ ಟೈಪ್ ಮಾಡೋವಾಗ ಕೇಳಿಸ್ತು."

ಅವಳು ಬೈಯಲಿಲ್ಲ, ಅಳಲಿಲ್ಲ. ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ಹಾಗಾದ್ರೆ ಅವತ್ತು ನಾನು ಯಾರ ಹತ್ತಿರ ಹೇಳ್ಕೊಂಡೆ, ದೊಡ್ಡಪ್ಪ?"

ಕುರ್ಚಿ ತಂದು ಹಾಕಿದ ತಮ್ಮ, ಕೂತ್ಕೋ ಅಣ್ಣ ಅಂದ. ಮೇಷ್ಟ್ರು ಕೂರಲಿಲ್ಲ. ಮೊದಲು ಅವಳನ್ನು ಕೂರಿಸಿ, ನಿನ್ನ ಮಗಳು ಏನೋ ಹೇಳ್ಬೇಕಂತೆ ಕೇಳು ಎಂದು ತಮ್ಮನನ್ನೂ ಅವಳೆದುರಿಗೆ ಕೂರಿಸಿ, ತಾವು ಗೋಡೆಗೆ ಒರಗಿ ನಿಂತರು. ಅವಳು ಬಾಯಿ ತೆರೆಯುವವರೆಗೂ ಸೆಕೆಂಡು ಎಣಿಸದೆ ಕಾದರು.