ಗಮನಕ್ಕೆ ಬಂದಿದೆ

ಹುಣಸೆಹುಂಡಿಯ ಅಂಗನವಾಡಿಯ ಚಾವಣಿ ಬಿದ್ದದ್ದು ಜೂನ್ ತಿಂಗಳಲ್ಲಿ, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ. ಸಹಾಯಕಿ ಚಿಕ್ಕನಿಂಗಮ್ಮ ಮಕ್ಕಳಿಗೆ ಉಪ್ಪಿಟ್ಟು ಬಡಿಸುತ್ತಿದ್ದಳು. ಒಂದು ಮಗುವಿನ ತಟ್ಟೆಯೊಳಗೆ ಸುಣ್ಣದ ಪುಡಿ ಉದುರಿತು. ಅವಳು ತಲೆಯೆತ್ತಿ ನೋಡಿದವಳೇ ಆ ಮೂಲೆಯಲ್ಲಿದ್ದ ಎರಡು ಮಕ್ಕಳನ್ನು ಸೆಳೆದು ಆಚೆಗೆ ದೂಡಿದಳು. ಗಾರೆಯ ದೊಡ್ಡ ಚಕ್ಕೆಯೊಂದು ಅವಳ ಬಲಭುಜದ ಮೇಲೆ ಬಿತ್ತು. ಮಕ್ಕಳಿಗೆ ಒಂದು ಗೀರೂ ಆಗಲಿಲ್ಲ. ಚಿಕ್ಕನಿಂಗಮ್ಮನ ಬಲಗೈ ಮಾತ್ರ ಅಂದಿನಿಂದ ಎದೆಯ ಮಟ್ಟಕ್ಕೂ ಏಳಲಿಲ್ಲ.

ಗುಂಡ್ಲುಪೇಟೆಯಿಂದ ನಾಲ್ಕು ಕಿಲೋಮೀಟರು ದೂರದ ಆ ಊರಿನಲ್ಲಿ ಅಂಗನವಾಡಿಗೆ ಬೇರೆ ಜಾಗ ಯಾರೂ ಕೊಡಲಿಲ್ಲ. ಬಿದ್ದ ಅರ್ಧಕ್ಕೆ ಹಗ್ಗ ಕಟ್ಟಿ, ಬೀಳದ ಅರ್ಧದಲ್ಲಿ ಇಪ್ಪತ್ತೆರಡು ಮಕ್ಕಳನ್ನು ಕೂರಿಸಿಕೊಂಡು ಅಂಗನವಾಡಿ ನಡೆಯಿತು.

ಚಿಕ್ಕನಿಂಗಮ್ಮನ ಒಬ್ಬಳೇ ಮಗಳು ಭಾನು ಚಾಮರಾಜನಗರದಲ್ಲಿ ದ್ವಿತೀಯ ದರ್ಜೆ ಸಹಾಯಕಿ. ಜಿಲ್ಲೆಯ ಅಂಗನವಾಡಿಗಳ ಕಡತಗಳೆಲ್ಲ ಬಂದು ಬೀಳುವ ಕಚೇರಿ ಅವಳದು. ಅಪ್ಪ ಇಲ್ಲ, ಅವ್ವ ಕೂಲಿ ಮಾಡಿ ಓದಿಸಿದ್ದಳು, ಇವಳು ಪರೀಕ್ಷೆ ಬರೆದು ಕೆಲಸ ಹಿಡಿದಿದ್ದಳು. ದಿನಾ ಬೆಳಿಗ್ಗೆ ಗುಂಡ್ಲುಪೇಟೆಗೆ ಬಂದು, ತೆರಕಣಾಂಬಿ ಮೇಲೆ ಹೋಗುವ ಬಸ್ಸು ಹತ್ತಿ, ಸಂಜೆ ಅದೇ ದಾರಿಯಲ್ಲಿ ಮರಳುತ್ತಿದ್ದಳು.

ಚಾವಣಿ ಬಿದ್ದ ಸುದ್ದಿ ಪತ್ರಿಕೆಯ ಒಳಪುಟದಲ್ಲಿ ಬಂತು. ಎಲ್ಲೋ ದೂರದ ಜಿಲ್ಲೆಯ ಸದಸ್ಯರೊಬ್ಬರು ಅದನ್ನು ಓದಿ ವಿಧಾನಸಭೆಗೆ ಪ್ರಶ್ನೆ ಕಳಿಸಿದರು. ಕಚೇರಿಗಳಲ್ಲಿ ಇಂಥ ಪ್ರಶ್ನೆಗೆ ಎಲ್‌ಎಕ್ಯೂ ಎನ್ನುತ್ತಾರೆ. ಎಲ್‌ಎಕ್ಯೂ ಬಂತೆಂದರೆ ಕಚೇರಿಗೆ ಜ್ವರ ಬಂದ ಹಾಗೆ. ಸಾಹೇಬರು ಕೂಗಾಡುತ್ತಾರೆ, ಫೋನುಗಳು ಬಡಿದುಕೊಳ್ಳುತ್ತವೆ, ಯಾರ ರಜೆಯೂ ರಜೆಯಲ್ಲ.

ಜುಲೈನ ಆ ಸೋಮವಾರ ಸಂಜೆ ನಾಲ್ಕೂವರೆಗೆ ಪ್ರಶ್ನೆ ಬಂದಾಗ ಭಾನು ಮರುದಿನದ ರಜೆ ಮಂಜೂರು ಮಾಡಿಸಿಕೊಂಡು ಚೀಲ ಹೆಗಲಿಗೇರಿಸಿದ್ದಳು. ಅವ್ವನ ಭುಜ ತೋರಿಸಲು ಮೈಸೂರಿಗೆ ಹೋಗುವುದಿತ್ತು.

"ಚೀಲ ಇಳ್ಸಮ್ಮ," ಎಂದರು ಸೂಪರಿಂಟೆಂಡೆಂಟ್ ಮಹದೇವಪ್ಪ. "ನಾಳೆ ಹನ್ನೊಂದಕ್ಕೆ ಮಂತ್ರಿಗಳ ಕೈಲಿ ಉತ್ತರ ಇರ್ಬೇಕಂತೆ. ನಿಮ್ಮೂರಿಂದೇ ಕಣಮ್ಮ ಪ್ರಶ್ನೆ."

ಭಾನು ಓದಿದಳು. 'ಹುಣಸೆಹುಂಡಿಯ ಅಂಗನವಾಡಿ ಕಟ್ಟಡದ ಚಾವಣಿ ಕುಸಿದು ಸಹಾಯಕಿಯೊಬ್ಬರು ಗಾಯಗೊಂಡಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? ಬಂದಿದ್ದಲ್ಲಿ, ಕೈಗೊಂಡ ಕ್ರಮವೇನು?'

ರಜೆ ಹೋದ ಸಿಟ್ಟು ಆ ಎರಡು ಸಾಲಿನ ಮುಂದೆ ಇಳಿದುಹೋಯಿತು. ಅವ್ವನ ನೋವನ್ನು ಬೆಂಗಳೂರಿನ ಅಷ್ಟು ದೊಡ್ಡ ಮನೆಯಲ್ಲಿ ಯಾರೋ ಎದ್ದುನಿಂತು ಕೇಳುತ್ತಾರೆ ಎಂದು ಅವಳ ಕಣ್ಣು ತುಂಬಿತು. ಕುಳಿತು ಉತ್ತರ ಬರೆದಳು. ಅವ್ವನ ಹೆಸರು ಹಾಕಿದ್ದಳು. ಮಹದೇವಪ್ಪ ಗೆರೆ ಎಳೆದು ಹೊಡೆದುಹಾಕಿದರು. "ಹೆಸರ್ಯಾಕಮ್ಮ? ಸಹಾಯಕಿ ಅಂದ್ರೆ ಸಾಕು."

ಆ ರಾತ್ರಿ ಅವ್ವ ಕೇಳಿದಳು: "ನನ್ ವಿಸ್ಯ ಏನಂತ ಬರ್ದೆ ಕಣಮ್ಮಿ?"

"ಮೊದಲ್ನೇದಕ್ಕೆ 'ಬಂದಿದೆ' ಅಂತ."

"ಏನು ಬಂದದೆ?"

"ಗಮನಕ್ಕೆ ಕಣವ್ವ. ಸರ್ಕಾರದ ಗಮನಕ್ಕೆ ಬಂದದೆ. ಎರಡ್ನೇದಕ್ಕೆ, ಹೊಸ ಕಟ್ಟಡದ ಪ್ರಸ್ತಾವನೆ ಪರಿಶೀಲನೇಲಿ ಅದೆ ಅಂತ."

"ಬಂದ್ರೆ ಸರಿ ಬುಡು," ಎಂದು ಚಿಕ್ಕನಿಂಗಮ್ಮ ಎಡಗೈಯಲ್ಲಿ ಮುದ್ದೆ ಮುರಿದಳು.

ಮರುದಿನ ಹನ್ನೊಂದಕ್ಕೆ ಕಚೇರಿಯವರೆಲ್ಲ ಸದನದ ನೇರ ಪ್ರಸಾರ ನೋಡಲು ಭಾನುವಿನ ಮೊಬೈಲಿಗೆ ಮುತ್ತಿಕೊಂಡರು. ಸದನ ಸೇರಿತು. ಯಾರೋ ಯಾರಿಗೋ ಏನೋ ಅಂದರಂತೆ, ಎರಡೂ ಕಡೆಯವರು ಎದ್ದು ನಿಂತು ಕೂಗಿದರು, ಕಾಗದ ಹರಿದು ತೂರಿದರು. ಹದಿನಾಲ್ಕು ನಿಮಿಷಕ್ಕೆ ಸದನ ಮುಂದಕ್ಕೆ ಹೋಯಿತು. ಮಧ್ಯಾಹ್ನ ಮತ್ತೆ ಸೇರಿ ಮತ್ತೆ ಎದ್ದಿತು. ಅದರ ಮರುದಿನವೂ ಹಾಗೆಯೇ. ಆಮೇಲೆ ಅಧಿವೇಶನವೇ ಮುಗಿಯಿತು.

"ಪ್ರಶ್ನೆ ಬಿದ್ದೋಯ್ತು," ಎಂದರು ಮಹದೇವಪ್ಪ, ಕಡತ ಕಟ್ಟುತ್ತ. "ನಮ್ ಕೆಲ್ಸ ನಾವು ಮಾಡಿದ್ದೀವಿ."

ಡಿಸೆಂಬರಿನಲ್ಲಿ ಬೆಳಗಾವಿ ಅಧಿವೇಶನಕ್ಕೆ ಅದೇ ಪ್ರಶ್ನೆ ಮತ್ತೆ ಬಂತು. ಆ ವಾರವೂ ಭಾನು ಮೈಸೂರಿಗೆ ರಜೆ ಹಾಕಿದ್ದಳು, ಆ ವಾರವೂ ರಜೆ ರದ್ದಾಯಿತು. 'ಪರಿಶೀಲನೆಯಲ್ಲಿದೆ' ಎಂದು ಮತ್ತೆ ಬರೆದಳು. ಪ್ರಶ್ನೆ ಇದ್ದದ್ದು ಶುಕ್ರವಾರಕ್ಕೆ. ಊರಿಗೆ ಹೊರಡುವ ಅವಸರಕ್ಕೋ ಏನೋ, ಅಧಿವೇಶನವನ್ನು ಗುರುವಾರವೇ ಮುಗಿಸಿಬಿಟ್ಟರು. ಕೊನೆಗೆ ಅವ್ವನನ್ನು ಮೈಸೂರಿಗೆ ಕರೆದುಕೊಂಡು ಹೋದದ್ದು ಜನವರಿಯ ಒಂದು ಭಾನುವಾರ. ಇಷ್ಟು ತಡ ಮಾಡಿದ್ದು ಯಾಕೆ ಎಂದು ಡಾಕ್ಟರು ಗದರಿದರು. ಮೂಳೆ ಹೇಗೆ ಕೂಡಬಾರದೋ ಹಾಗೆ ಕೂಡಿಕೊಂಡಿತ್ತು.

ಮಾರ್ಚಿನಲ್ಲಿ ಮೂರನೆಯ ಸಲ. ಈ ಸಲ ಭಾನು ಯಾರಿಗೂ ಏನೂ ಹೇಳದೆ ಹಳೆಯ ಉತ್ತರದ ತಾರೀಖು ತಿದ್ದಿದಳು. ಮರುದಿನ ಸಂಜೆ ಬಸ್ಸಿನಲ್ಲಿ ಪಕ್ಕದ ಹುಡುಗನ ಫೋನಿನಿಂದ ಸದನದ ಗದ್ದಲ ಕೇಳಿಸುತ್ತಿತ್ತು. ಹತ್ತು ನಿಮಿಷ ಮುಂದೂಡಿದರು, ಅರ್ಧ ಗಂಟೆ ಮುಂದೂಡಿದರು, ಕೊನೆಗೆ ಇನ್ನು ಯಾವತ್ತು ಸೇರುವುದೆಂದು ಹೇಳದೆಯೇ ಎದ್ದರು.

ತೆರಕಣಾಂಬಿಯಲ್ಲಿ ಹತ್ತಿದ ಈರುಳ್ಳಿ ವ್ಯಾಪಾರದ ಹುಚ್ಚಯ್ಯ ಬಾಗಿ ನೋಡಿ, "ಯಾಕ್ಲಾ, ಮತ್ತೆ ಎದ್ದೋದ್ರಾ?" ಎಂದ.

"ಎದ್ದೋದ್ರು," ಎಂದ ಹುಡುಗ.

"ಊಟುಕ್ಕಾ?"

"ಇಲ್ಲ ಕಣಣ್ಣ, ಮನೇಗೇ."

"ಥೂ ಇವರ! ನಾನು ಹಿಂಗೆ ಮೂರ್ ದಿನ ಮಂಡಿಗೆ ಬಾಗ್ಲಾಕುದ್ರೆ ಈರುಳ್ಳಿ ಕೊಳ್ತು ಬೀದಿಯೆಲ್ಲಾ ನಾರ್ತದೆ. ಇವರದ್ದು ಎಲ್ ಕೊಳೀತದೆ ಅಂತ ಯಾರ್ಗೂ ಕಾಣಕ್ಕಿಲ್ವಲ್ಲ!"

ಬಸ್ಸು ನಕ್ಕಿತು. ಭಾನುವಿಗೆ ನಗು ಬರಲಿಲ್ಲ. ಅದು ಎಲ್ಲಿ ಕೊಳೆಯುತ್ತಿದೆ ಎಂದು ಅವಳು ಕಣ್ಣಾರೆ ನೋಡಿದ್ದಳು. ಅವ್ವ ಈಚೆಗೆ ಸೆರಗನ್ನೂ ಎಡಗೈಯಲ್ಲೇ ಹೊದೆಯುತ್ತಿದ್ದಳು.

ಏಪ್ರಿಲ್ ಎರಡನೆಯ ವಾರ ಸದನದ ಒಂದು ಸಮಿತಿ ಜಿಲ್ಲೆಗೆ ಬಂತು. ಅಧ್ಯಯನ ಪ್ರವಾಸ. ಅಧ್ಯಕ್ಷರೂ ಸೇರಿ ಐದು ಜನ. ಬೆಳಿಗ್ಗೆ ಗೋಪಾಲಸ್ವಾಮಿ ಬೆಟ್ಟ, ಮಧ್ಯಾಹ್ನ ಗುಂಡ್ಲುಪೇಟೆಯ ಪ್ರವಾಸಿ ಮಂದಿರದಲ್ಲಿ ಊಟ ಮತ್ತು ಅಧಿಕಾರಿಗಳ ಸಭೆ, ಮೂರೂವರೆಗೆ ಬಂಡೀಪುರ ಸಫಾರಿ. ಸಾಹೇಬರು ಮಹದೇವಪ್ಪನವರನ್ನೂ ಭಾನುವನ್ನೂ ಕಡತಗಳ ಸಮೇತ ಜೀಪಿಗೆ ಹತ್ತಿಸಿಕೊಂಡರು. ಜೀಪು ಓಡಿಸುತ್ತಿದ್ದವನು ಬೇಗೂರಿನ ಶಿವಮಲ್ಲು.

ಸಭೆ ಶುರುವಾದದ್ದೇ ಎರಡೂ ಮುಕ್ಕಾಲಿಗೆ, ಅದೂ ಎಲೆ ಮುಂದೆ. ಹೋಳಿಗೆಗೆ ತುಪ್ಪ ಬೀಳುತ್ತಿತ್ತು. ಅಧಿಕಾರಿಗಳು ಗೋಡೆಗುಂಟ ನಿಂತಿದ್ದರು. ಅಧ್ಯಕ್ಷರು ಒಬ್ಬೊಬ್ಬರನ್ನೇ ಕೇಳಿ ತಲೆಯಾಡಿಸುತ್ತ ಬಂದರು. "ನಿಮ್ಮದೇನ್ರೀ? ಏನಾದ್ರೂ ಪೆಂಡಿಂಗ್ ಇದ್ಯಾ?"

"ಏನಿಲ್ಲ ಸಾರ್. ಎಲ್ಲಾ ಸರಿಯಾಗಿದೆ," ಎಂದರು ಸಾಹೇಬರು.

ಭಾನುವಿಗೆ ಕಿವಿಯೊಳಗೆ ಬಿಸಿ ನೀರು ಹೊಯ್ದಂತಾಯಿತು. ಅವಳು ಒಂದು ಹೆಜ್ಜೆ ಮುಂದೆ ಬಂದಳು.

"ಇದೆ ಸಾರ್. ಒಂದು ಎಲ್‌ಎಕ್ಯೂ ಇದೆ. ಮೂರು ಅಧಿವೇಶನದಿಂದ ಇದೆ."

ಮಹದೇವಪ್ಪ ಹಿಂದಿನಿಂದ ಅವಳ ಸೆರಗು ಜಗ್ಗಿದರು. ಅಧ್ಯಕ್ಷರು ನಕ್ಕರು. "ಎಲ್‌ಎಕ್ಯೂ ಅಂದ್ರೆ ಸದನದ್ದು ಕಣಮ್ಮ. ಈಗ ಸದನ ಇಲ್ವಲ್ಲ. ಮುಂದಿನ ಅಧಿವೇಶನದಲ್ಲಿ ನೋಡೋಣ ಬಿಡು."

ಇನ್ನೊಬ್ಬ ಸದಸ್ಯರು ಗಡಿಯಾರ ನೋಡಿಕೊಂಡು, "ಸಾರ್, ಲೇಟಾದ್ರೆ ಹುಲಿ ಕಾಣಲ್ವಂತೆ," ಎಂದರು.

ಭಾನು ಕಡತ ಬಿಚ್ಚಿ ಗಟ್ಟಿಯಾಗಿ ಓದತೊಡಗಿದಳು.

"ಪ್ರಶ್ನೆ. ಹುಣಸೆಹುಂಡಿಯ ಅಂಗನವಾಡಿ ಕಟ್ಟಡದ ಚಾವಣಿ ಕುಸಿದು ಸಹಾಯಕಿಯೊಬ್ಬರು ಗಾಯಗೊಂಡಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? ಉತ್ತರ. ಬಂದಿದೆ. ಬಂದಿದ್ದಲ್ಲಿ, ಕೈಗೊಂಡ ಕ್ರಮವೇನು? ಉತ್ತರ. ಪರಿಶೀಲನೆಯಲ್ಲಿದೆ. ಇದು ಜುಲೈದು. ಡಿಸೆಂಬರ್‌ದೂ ಇದೇ, ಮಾರ್ಚ್‌ದೂ ಇದೇ. ಸಹಾಯಕಿ ಹೆಸರು ಚಿಕ್ಕನಿಂಗಮ್ಮ, ಅದು ಇದರಲ್ಲಿಲ್ಲ. ಎರಡು ಮಕ್ಕಳ ಜೀವ ಉಳಿಸಿದರು, ಅದೂ ಇದರಲ್ಲಿಲ್ಲ."

ಬಡಿಸುವವರು ನಿಂತಲ್ಲೇ ನಿಂತರು. "ಯಾರಮ್ಮ ನೀನು?" ಎಂದರು ಅಧ್ಯಕ್ಷರು. ಈಗ ಅವರ ಮುಖದಲ್ಲಿ ನಗುವಿರಲಿಲ್ಲ.

"ಇದನ್ನ ಬರೆದೋಳು ಸಾರ್. ನಿಮ್ಮ ಪ್ರಶ್ನೆ ಬಂತು ಅಂದ್ರೆ ನಮಗೆ ರಜೆ ಇಲ್ಲ, ಊಟ ಇಲ್ಲ. ನಿಮಗೆ ಹನ್ನೊಂದು ಗಂಟೆಗೆ ಬೇಕು ಅಂದ್ರೆ ಹತ್ತೂವರೆಗೆ ಕಳಿಸ್ತೀವಿ. ನೀವು ಅದನ್ನ ಓದೋ ಹೊತ್ತಿಗೆ ಎದ್ದು ಹೋಗ್ತೀರಿ. ನಮ್ಮವ್ವ ಒಂದೇ ಒಂದು ದಿನ ಅಂಗನವಾಡಿ ಬಾಗಿಲು ತೆಗೀದಿದ್ರೆ ಅವತ್ತೇ ನೋಟೀಸು ಕೊಡ್ತಾರೆ. ನಿಮಗೆ ಯಾರು ಕೊಡ್ತಾರೆ?"

ಮೂಲೆಯಲ್ಲಿದ್ದ ಸದಸ್ಯೆಯೊಬ್ಬರು ತಿನ್ನುವುದು ನಿಲ್ಲಿಸಿದ್ದರು. "ಮಕ್ಕಳು ಈಗ್ಲೂ ಅಲ್ಲೇ ಇದಾರೇನಮ್ಮ?"

"ಅಲ್ಲೇ ಇದಾರೆ ಮೇಡಂ. ಈ ಹೊತ್ತಿಗೆ ಮಲಗಿರ್ತಾರೆ. ನಾಲ್ಕೇ ಕಿಲೋಮೀಟ್ರು, ಹತ್ತು ನಿಮಿಷ. ಬನ್ನಿ, ತೋರಿಸ್ತೀನಿ."

ಆ ಸದಸ್ಯೆ ಅಧ್ಯಕ್ಷರ ಕಡೆ ನೋಡಿದರು. ಅಧ್ಯಕ್ಷರು ಕೈ ತೊಳೆಯಲು ಎದ್ದರು. ಅವರು ಎದ್ದ ಮೇಲೆ ಎಲ್ಲರೂ ಎದ್ದರು. ಕಾರುಗಳ ಬಾಗಿಲು ಒಂದೊಂದಾಗಿ ಮುಚ್ಚಿಕೊಂಡವು, ಸಾಲು ಊಟಿ ರಸ್ತೆಯ ಕಡೆ ತಿರುಗಿತು. ಹುಣಸೆಹುಂಡಿಗೆ ಹೋಗುವ ದಾರಿ ಆ ಕಡೆಗಲ್ಲ.

ಕೈಗೆ ಏನಾದರೂ ಸಿಕ್ಕಿದ್ದರೆ ಆ ಕಾರುಗಳ ಬೆನ್ನಿಗೆ ಎಸೆಯುತ್ತಿದ್ದೆನಲ್ಲ ಎಂದು ಭಾನುವಿಗೆ ಅನ್ನಿಸಿತು.

ಮೂರನೆಯ ದಿನ ಅವಳ ಮೇಜಿಗೆ ನೋಟೀಸು ಬಂತು. ಸದನದಲ್ಲಿ ಮಂಡನೆಯಾಗದ ಉತ್ತರವನ್ನು ಹೊರಗೆ ಓದಿದ್ದು ಸದನದ ಹಕ್ಕುಚ್ಯುತಿ, ಏಕೆ ಕ್ರಮ ಕೈಗೊಳ್ಳಬಾರದು, ಏಳು ದಿನದೊಳಗೆ ತಿಳಿಸತಕ್ಕದ್ದು.

"ಇದನ್ನ ಯಾರು ತೀರ್ಮಾನ ಮಾಡ್ತಾರೆ ಸಾರ್?" ಎಂದು ಕೇಳಿದಳು.

"ಸದನವೇ ಮಾಡ್ಬೇಕು," ಎಂದರು ಮಹದೇವಪ್ಪ. ಕನ್ನಡಕ ತೆಗೆದು ಒರೆಸಿದರು. "ಅದು ಸೇರ್ದಾಗ." ಮೂವತ್ತು ವರ್ಷದ ನೌಕರಿಯಲ್ಲಿ ಮೊದಲ ಸಲ ಎಂಬಂತೆ ಅವರಿಗೆ ನಾಚಿಕೆಯಾದಂತಿತ್ತು. "ನಾನೂ ಅವತ್ತು ನಿನ್ನ ಸೆರಗು ಜಗ್ಗಬಾರದಿತ್ತು ಕಣಮ್ಮ," ಎಂದರು.

ಪ್ರವಾಸಿ ಮಂದಿರದಲ್ಲಿ ನಡೆದದ್ದನ್ನು ಕಿಟಕಿಯ ಆಚೆಯಿಂದ ಶಿವಮಲ್ಲು ಪೂರ್ತಿ ಕೇಳಿದ್ದ. ಅವನ ಬಾಯಿಂದ ಬೇಗೂರಿಗೆ, ಬೇಗೂರಿಂದ ಸಂತೆಗೆ, ಸಂತೆಯಿಂದ ಹುಣಸೆಹುಂಡಿಗೆ ಮಾತು ಬಂತು. ಮಕ್ಕಳ ತಾಯಂದಿರು ಚಿಕ್ಕನಿಂಗಮ್ಮನ ಮನೆಯ ಮುಂದೆ ಸೇರಿದರು. ಅಂಗನವಾಡಿ ಟೀಚರ್ ನಾಗಲಕ್ಷ್ಮಿಯೂ ಬಂದಳು, ಅಂಜುತ್ತಂಜುತ್ತ.

"ಹುಲಿ ನೋಡಕ್ಕೆ ಹೋದ್ರಂತಲ್ಲ, ನಮ್ ಮಕ್ಕಳ್ನ ನೋಡಕ್ಕೆ ಬರ್ನಿಲ್ವಂತಲ್ಲ," ಎಂದಳು ಒಬ್ಬಳು.

"ಅವರು ಬರ್ದಿದ್ರೆ ಬ್ಯಾಡ," ಎಂದಳು ಚಿಕ್ಕನಿಂಗಮ್ಮ. "ನಾವೇ ಓಗನ. ಅವರು ಉಂಡ ಜಾಗ ವರ್ಸವೆಲ್ಲಾ ಖಾಲಿ ಬಿದ್ದಿರ್ತದೆ. ಚಾವಣಿ ಗಟ್ಟಿಗದೆ, ಫ್ಯಾನದೆ. ಅಲ್ಲೇ ಅಂಗನವಾಡಿ ಮಾಡನ."

ಸೋಮವಾರ ಬೆಳಿಗ್ಗೆ ಎರಡು ಗೂಡ್ಸ್ ಆಟೋಗಳಲ್ಲಿ ಇಪ್ಪತ್ತೆರಡು ಮಕ್ಕಳು, ಚಾಪೆ, ಸ್ಟವ್ವು, ತೂಕದ ಯಂತ್ರ ಎಲ್ಲ ಪ್ರವಾಸಿ ಮಂದಿರದ ಜಗಲಿಗೆ ಬಂದಿಳಿದವು. ಕಾವಲಿನವನು ಗದರಿದ. ಪೊಲೀಸರು ಬಂದು, ಮಕ್ಕಳನ್ನು ನೋಡಿ, ಏನು ಮಾಡುವುದೆಂದು ತಿಳಿಯದೆ ಗೇಟಿನಲ್ಲಿ ನಿಂತರು. ಭಾನು ಬಸ್‌ಸ್ಟ್ಯಾಂಡಿನಿಂದ ನೇರ ಅಲ್ಲಿಗೆ ಬಂದಳು. ಅಂದು ಅವಳು ರಜೆ ಕೇಳಲಿಲ್ಲ; ಬರುವುದಿಲ್ಲ ಎಂದಷ್ಟೇ ಫೋನು ಮಾಡಿದಳು.

ಮೂರು ದಿನ ಅಲ್ಲೇ ಉಪ್ಪಿಟ್ಟು ಬೆಂದಿತು, ಅಲ್ಲೇ ಮಕ್ಕಳು ಮಲಗಿದರು. ಈರುಳ್ಳಿ ಮಂಡಿಯ ಹಮಾಲರು ಬಾಳೆಹಣ್ಣು ತಂದುಕೊಟ್ಟರು. ನಾಲ್ಕನೆಯ ದಿನ ಬೆಳಿಗ್ಗೆ ಆದೇಶ ಬಂತು. ಹುಣಸೆಹುಂಡಿಯ ಹಾಲಿನ ಡೈರಿ ಕಟ್ಟಡದ ದೊಡ್ಡ ಕೋಣೆಯನ್ನು ತತ್‌ಕ್ಷಣದಿಂದ ಅಂಗನವಾಡಿಗೆ ಬಿಟ್ಟುಕೊಡತಕ್ಕದ್ದು.

ಭಾನು ಎಣಿಸಿ ನೋಡಿದಳು. ಆರು ಸಾಲು. ಟೈಪು ಮಾಡಲು ಹತ್ತು ನಿಮಿಷ ಸಾಕು. ತಾಯಂದಿರು ನಗುತ್ತಿದ್ದರು, ನಾಗಲಕ್ಷ್ಮಿ ಅವಳ ಕೈ ಹಿಡಿದು ಕುಲುಕಿದಳು. ಭಾನುವಿಗೆ ಮಾತ್ರ ಸಿಟ್ಟು ಏರಿತೇ ಹೊರತು ಇಳಿಯಲಿಲ್ಲ. ಆ ಕೋಣೆ ಜೂನ್‌ನಲ್ಲೂ ಅಲ್ಲೇ ಇತ್ತು. ಹತ್ತು ತಿಂಗಳೂ ಖಾಲಿ ಇತ್ತು.

ಮಧ್ಯಾಹ್ನ ಡೈರಿಯ ಕೋಣೆ ಗುಡಿಸುತ್ತಿದ್ದಾಗ ಅವಳು ಅವ್ವನಿಗೆ ನೋಟೀಸಿನ ವಿಷಯ ಹೇಳಿದಳು. ಅಲ್ಲಿಯವರೆಗೂ ಹೇಳಿರಲಿಲ್ಲ.

"ಮುಂದಿನ ಅಧಿವೇಶನುಕ್ಕೆ ನನ್ನ ಕರುಸ್ಬೋದಂತೆ ಕಣವ್ವ. ಅಲ್ಲಿ ನಿಲ್ಸಿ ಕೇಳ್ತಾರಂತೆ."

ಚಿಕ್ಕನಿಂಗಮ್ಮ ಪೊರಕೆ ಊರಿ ನಿಂತಳು.

"ಕರೀಲಿ. ನಾನೂ ಬತ್ತೀನಿ. ಈ ಊರ ಹೆಂಗುಸ್ರೆಲ್ಲಾ ಬತ್ತೀವಿ," ಎಂದಳು. "ನಾವು ಅಲ್ಲಿ ಕೂತಿರೋ ಗಂಟ ಅವರು ಎದ್ದೋಗದಂಗೆ ನೋಡ್ಕಳನ."