ಬೆಳ್ಳಾವಿ ಮಾರ್ಗ

ತಾತನ ತಲೆಯಿಂದ ಹೆಸರುಗಳು ಹೋದದ್ದು ೨೦೦೩ರ ಯುಗಾದಿಯ ಮಾರನೇ ದಿನ. ಲಕ್ವ ಹೊಡೆದು ಬಿದ್ದುಹೋಗಿದ್ದ ಬಲಗೈ ಮೂರು ತಿಂಗಳಲ್ಲಿ ವಾಪಸ್ ಬಂತು, ಹೆಸರುಗಳು ಬರಲಿಲ್ಲ. ಗುಬ್ಬಿ ಸುತ್ತ ಮುನ್ನೂರು ಮದುವೆ ಕುದುರಿಸಿದ್ದ ಚನ್ನವೀರಯ್ಯನವರು ಈಗ ಚಮಚವನ್ನೂ ‘ಅದು’ ಎನ್ನುತ್ತಿದ್ದರು, ನನ್ನನ್ನೂ ‘ಅದು’ ಎನ್ನುತ್ತಿದ್ದರು. ಚಮಚಕ್ಕೆ ಬೇಜಾರಾಗಲಿಲ್ಲ.

ಮುಂದಿನ ವರ್ಷ ನನ್ನ ತಂಗಿ ತ್ರಿವೇಣಿಯ ಮದುವೆ ಗೊತ್ತಾಯಿತು. ಮದುವೆಗೆ ಕರೆಯಲು ಹೋಗುವ ಕಾರಿನಲ್ಲಿ ಮುಂದಿನ ಸೀಟು ಯಾವತ್ತೂ ತಾತನದು. ಈ ಸಲ ಅಪ್ಪ ಬೇಡವೆಂದರು. “ಯಾರ್ದೋ ಮನೇಲಿ ಯಾರ್ಗೋ ‘ಅದು’ ಅಂದ್ರೆ ಮರ್ಯಾದೆ ಏನಾಗ್ಬೇಕು?”

ತಾತ ಎರಡು ದಿನ ಮುದ್ದೆ ಮುಟ್ಟಲಿಲ್ಲ.

ಅದೇ ವಾರ ರೂಪಶ್ರೀ ಬಂದಳು. ಕುಣಿಗಲ್ ಹುಡುಗಿ, ಬೆಂಗಳೂರಿನಲ್ಲಿ ಮೆದುಳಿನ ಮೇಲೆ ಪಿಎಚ್.ಡಿ. ಮೆದುಳೆಂಬ ಬಲೆಯಲ್ಲಿ ಒಂದು ಗಂಟು ಹರಿದರೆ ಮಾತು ಬೇರೆ ಯಾವ ಎಳೆ ಹಿಡಿದು ದಾಟುತ್ತದೆ ಎಂಬುದು ಅವಳ ಸಂಶೋಧನೆ. ಲಕ್ವ ಹೊಡೆದವರಿಗೆ ಚಿತ್ರ ತೋರಿಸಿ ಹೆಸರು ಕೇಳುತ್ತಿದ್ದಳು. ಅಪ್ಪನಿಗೆ ಒಳ್ಳೇ ನೆಪ ಸಿಕ್ಕಿತು. “ಮೇಡಮ್ಮೋರ ಪರೀಕ್ಷೇಲಿ ಪಾಸಾಗಿ, ಸೀಟು ನಿಮ್ದೇ.” ಅದನ್ನೇ ನಾನು ಅಪ್ಪನ ದನಿಯಲ್ಲಿ ಅಡುಗೆಮನೆಯಲ್ಲಿ ಹೇಳಿದಾಗ ಅಮ್ಮ ಸೌಟು ತೋರಿಸಿದಳು.

ಮೊದಲ ಪ್ರಶ್ನೆ ಕೇಳಿದ್ದು ತಾತನೇ. “ಯಾರ ಪೈಕಿ ನೀನು?”

“ಅದೆಲ್ಲ ಆಮೇಲೆ ತಾತ. ಇದೇನು ಹೇಳಿ.” ಕೊಡೆಯ ಚಿತ್ರ.

“ಇದು... ಯಡಿಯೂರಲ್ಲಿ ಮರ್ತು ಬಂದ್ನಲ್ಲ, ಬೆಳ್ಳಾವಿ ಅಕ್ಕನ ಮೈದ.”

ಸೊನ್ನೆ. ಮುಂದೆ ಬೀಗ.

“ಸಿ.ಎಸ್. ಪುರದವ್ರು ಒಂದೇ ಬಾಗ್ಲಿಗೆ ಎರಡು ಹಾಕ್ತಾರೆ ನೋಡು. ಬೆಳ್ಳಾವಿ ಅಕ್ಕನ ನಾದಿನೀನ ಕೊಟ್ಟಿರೋ ಮನೆ.”

ಸೊನ್ನೆ. ಬೆಕ್ಕು, ಏಣಿ, ತಕ್ಕಡಿ. ಮೂವತ್ತು ಚಿತ್ರ, ಮೂವತ್ತು ಸೊನ್ನೆ. ಅಪ್ಪ ಕಾರಿನ ಕೀಲಿ ತಿರುಗಿಸುತ್ತ ನಿಂತಿದ್ದರು.

ರೂಪಶ್ರೀ ಮಾತ್ರ ಇನ್ನೊಂದು ಹಾಳೆಯಲ್ಲಿ ಏನೋ ಗೀಚುತ್ತಿದ್ದಳು. ತಾತ ಹೇಳಿದ ಒಂದೊಂದು ಮನೆಗೂ ಒಂದೊಂದು ಪುಟ್ಟ ಸುತ್ತು, ನಡುವೆ ಗೆರೆ. ಊರಿನದು ಬಿಟ್ಟರೆ ಹೆಸರು ಒಂದೂ ಇರಲಿಲ್ಲ, ನಂಟು ಒಂದೂ ತಪ್ಪಿರಲಿಲ್ಲ. ಎಲ್ಲ ಗೆರೆಗಳೂ ಒಂದೇ ಸುತ್ತನ್ನು ಹಾಯ್ದಿದ್ದವು.

“ಸಾರ್, ಈ ಬೆಳ್ಳಾವಿ ಅಕ್ಕ ಯಾರು?”

ಕೀಲಿ ತಿರುಗುವುದು ನಿಂತಿತು. ಅಪ್ಪ ಕರೆಯಬೇಕಾದವರ ಪಟ್ಟಿಯನ್ನು ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ಓದಿದರು. ತಾತನ ದೊಡ್ಡಪ್ಪನ ಮಗಳು, ಎಲ್ಲರಿಗೂ ಬೇಕಾದವಳು. ಅಂಥವಳನ್ನು ಮರೆಯುತ್ತೇವೆಯೇ ಎಂದು ಬರೆದೇ ಇರಲಿಲ್ಲ.

“ಅವ್ಳನ್ನ ಬುಟ್ರೆ ಉಳಿದೋರೂ ಬರಾಕಿಲ್ಲ,” ತಾತ ನಿಧಾನವಾಗಿ ಹೇಳಿದರು. “ಚಪ್ಪರದಾಗೆ ಓಲಗದೋರು, ಅಯ್ನೋರು, ನೀನು.”

“ಆದ್ರೂ ಮಾರ್ಕ್ಸು ಸೊನ್ನೆ ಅಲ್ವಾ,” ಅಪ್ಪ ಗೊಣಗಿದರು.

“ಅದು ನನ್ನ ಪ್ರಶ್ನೆಪತ್ರಿಕೆ ತಪ್ಪು ಸಾರ್.”

ಬೆಳಿಗ್ಗೆ ತಾತ ಮುಂದಿನ ಸೀಟಿನಲ್ಲಿದ್ದರು. ಟೇಪ್ ರೆಕಾರ್ಡರ್ ಹಿಡಿದ ರೂಪಶ್ರೀ ನನ್ನ ಪಕ್ಕ. ದಾರಿಯಲ್ಲಿ ಐದು ಮನೆ ಕರೆದೆವು. ಅಣ್ಣ, ಮಾವ, ಬೀಗರೇ ಎಂದೇ ತಾತ ಐದನ್ನೂ ಮುಗಿಸಿದರು. ಯಾರೂ ಹೆಸರು ಕೇಳಲಿಲ್ಲ. ಅಪ್ಪ ಒಮ್ಮೆ ಜಾಣ್ಮೆ ತೋರಿಸಲು “ಶಿವರಾಮಯ್ಯನವರೇ” ಅಂದರು. ಆ ಮನೆಯ ಮುದುಕರ ಮುಖ ಗಂಟಾಯಿತು. “ಯಾಕ್ಲಾ, ನಾನೇನ್ ಬ್ಯಾಂಕಿಗೆ ಬಂದಿದೀನಾ? ಚಿಕ್ಕಪ್ಪ ಅನ್ನಾಕೆ ಬಾಯಿ ನೋಯುತ್ತಾ?”

ಬೆಳ್ಳಾವಿಯಲ್ಲಿ ತಾತ “ಅಕ್ಕಾ” ಅಂದರು, ಅಷ್ಟೇ. ಅವಳು ಕುಂಕುಮ ತೆಗೆದುಕೊಂಡು, ಕಣ್ಣು ಕಿರಿದು ಮಾಡಿ ರೂಪಶ್ರೀಯನ್ನು ನೋಡಿದಳು. “ಈ ಮಗು ಯಾರ್ಲಾ ಚನ್ನ?”

ತಾತ ಬಾಯಿ ತೆರೆದರು. ಹೆಸರಂತೂ ಬರಲಿಲ್ಲ, ಈ ಸಲ ದಾರಿಯೂ ಸಿಗಲಿಲ್ಲ. ಅಪ್ಪ ನೆಲ ನೋಡಿದರು.

“ಈಗಾದ್ರೂ ಹೇಳೇ ತಾಯಿ,” ತಾತ ಬೇಡಿದರು. “ಯಾರ ಪೈಕಿ ನೀನು?”

ರೂಪಶ್ರೀ ರೆಕಾರ್ಡರ್ ಕೆಳಗಿಟ್ಟಳು. ತನ್ನ ಅಪ್ಪನ ಊರು ಹೇಳಿದಳು, ಅಮ್ಮನ ತವರು ಹೇಳಿದಳು. ಅಜ್ಜಿಯ ಊರು ಹೇಳುತ್ತಲೇ ತಾತನ ಕಣ್ಣು ಅರಳಿತು.

“ಅಕ್ಕಾ, ನಿನ್ನ ಚಿಕ್ಕತ್ತೆ ಮಗ್ಳನ್ನ ಕೊಟ್ಟಿದ್ರಲ್ಲ, ಆ ಮನೇದು. ಅವ್ಳ ಮೊಮ್ಮಗ್ಳು ಇವ್ಳು.”

“ಅಯ್ಯೋ ನಿನ್ನ! ಇಷ್ಟು ದಿನ ಇತ್ತಾಗ್ ತಲೇನೇ ಹಾಕ್ಲಿಲ್ವಲ್ಲೇ,” ಎಂದು ಅಕ್ಕ ಬೈಯುತ್ತಲೇ ಅವಳ ಕೈ ಹಿಡಿದು ಕೂರಿಸಿದಳು.

ರೂಪಶ್ರೀ ಆ ಹಾಳೆ ಬಿಚ್ಚಿ, ಬೆಳ್ಳಾವಿಯಿಂದ ಒಂದು ಗೆರೆ ಎಳೆದು, ಅದರ ತುದಿಗೆ ತನಗೊಂದು ಪುಟ್ಟ ಸುತ್ತು ಬರೆದಳು.

ತಾತ ಬಗ್ಗಿ ನೋಡಿದರು. “ನಿಂಗೂ ಸೊನ್ನೆ ಬಂತಾ?”